ಬದಿಯಡ್ಕದ ತೋಟಕ್ಕೂ ಜಿನೀವಾದ ಮೇಜಿಗೂ ಏನು ಸಂಬಂಧ?

ಪ್ರಶ್ನೆ: ಮಾಷ್ಟ್ರೇ, ನಮಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ ಇದೆ. ಮರಗಳಿಗೆ ಒಳ್ಳೆಮೆಣಸಿನ ಬಳ್ಳಿ ಬಿಟ್ಟಿದ್ದೇವೆ. ಹೊರದೇಶದ ಅಡಿಕೆ ಬಂತು, ಮೆಣಸು ಬಂತು ಎಂದು ಸುದ್ದಿಯಾದ ಕೂಡಲೇ ಇಲ್ಲಿ ಧಾರಣೆ ಅಲುಗುತ್ತದೆ. ಇದಕ್ಕೆಲ್ಲ ಡಬ್ಲ್ಯುಟಿಒ ಕಾರಣ, ಭಾರತ ಅದರಿಂದ ಹೊರಗೆ ಬರಬೇಕು ಎಂದು ನಮ್ಮ ಸಂಘದ ಸಭೆಯಲ್ಲಿ ಒಬ್ಬರು ಜೋರಾಗಿ ಹೇಳಿದರು. ಅದು ಸರಿಯಾ? ಅಲ್ಲಿ ನಮ್ಮಂಥ ದೇಶಗಳ ಮಾತು ನಡೆಯುತ್ತದಾ? ಸುಮ್ನೆ ಸುಂಕ ಇನ್ನೂ ಜಾಸ್ತಿ ಮಾಡಿದರೆ ಆಗುವುದಿಲ್ಲವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದಕ್ಕೆಲ್ಲ ದಾರಿ ಅಲ್ಲಿಂದಲೇ ಇದೆ. ಅಡಿಕೆಯ ಸುಂಕವನ್ನು ಇನ್ನು ಏರಿಸಲು ಜಾಗವಿಲ್ಲ.

ಡಬ್ಲ್ಯುಟಿಒ ಎಂದರೆ ವಿಶ್ವ ವ್ಯಾಪಾರ ಸಂಸ್ಥೆ, ಅದರ ಕಚೇರಿ ಜಿನೀವಾದಲ್ಲಿದೆ. ಶುರುವಾದದ್ದು 1995ರ ಜನವರಿ 1ರಂದು. ಅದರೊಳಗೆ ಬರುವಾಗ ಪ್ರತಿ ದೇಶವೂ ಒಂದು ಪಟ್ಟಿ ಬರೆದುಕೊಟ್ಟಿದೆ. ಯಾವ ಸರಕಿಗೆ ಹೆಚ್ಚೆಂದರೆ ಎಷ್ಟು ಆಮದು ಸುಂಕ ಹಾಕುತ್ತೇವೆ ಎಂದು ಕೊಟ್ಟ ಮಾತು ಅದು. ಇದನ್ನು ಬದ್ಧ ಸುಂಕ ಎನ್ನುತ್ತಾರೆ. ಸರ್ಕಾರ ನಿಜವಾಗಿ ಹಾಕುವ ಸುಂಕ ಅದಕ್ಕಿಂತ ಕಡಿಮೆ ಇರಬಹುದು, ಮೇಲೆ ಹೋಗುವ ಹಾಗಿಲ್ಲ. ಒಳ್ಳೆಮೆಣಸಿಗೆ ನಾವು ಬರೆದುಕೊಟ್ಟದ್ದು ಶೇ. 100, ಹಾಕುತ್ತಿರುವುದು ಶೇ. 70. ಅಲ್ಲಿ ಸ್ವಲ್ಪ ಜಾಗ ಉಂಟು. ಅಡಿಕೆಗೆ ಬರೆದುಕೊಟ್ಟದ್ದೂ ಶೇ. 100, ಹಾಕುತ್ತಿರುವುದೂ ಶೇ. 100. ಮುಳ್ಳೇರಿಯ ಕಡೆಯ ರಬ್ಬರ್ ಕೃಷಿಕರ ಕಥೆ ಇನ್ನೂ ಕಷ್ಟದ್ದು. ರಬ್ಬರ್ ಶೀಟಿಗೆ ಬರೆದುಕೊಟ್ಟದ್ದೇ ಶೇ. 25, ಅದನ್ನು 2015ರಲ್ಲೇ ಮುಟ್ಟಿಯಾಗಿದೆ.

ಶೇ. 100 ಸುಂಕ ಎಂದರೆ ದೊಡ್ಡ ಗೋಡೆ ಅಂತ ಅನ್ನಿಸುತ್ತದೆ, ಅಲ್ವಾ? ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಹೊರಗಿನ ಅಡಿಕೆ ಬಂದರಿಗೆ ಕಿಲೋಗೆ 200 ರೂಪಾಯಿಗೆ ಬಂದರೆ ಸುಂಕ ಸೇರಿ 400 ಆಗುತ್ತದೆ. ಅದೇ ಅಡಿಕೆಯ ಬೆಲೆ ಹೊರಗೆ ಬಿದ್ದು 100 ರೂಪಾಯಿಗೆ ಬಂದರೆ ಸುಂಕ ಸೇರಿ 200 ಮಾತ್ರ. ಬೆಲೆ ಇಳಿದಷ್ಟೂ ಸುಂಕದ ಮೊತ್ತವೂ ಇಳಿಯುತ್ತದೆ. ಅಂದರೆ ನಮಗೆ ಗೋಡೆ ಎತ್ತರ ಬೇಕಾದ ಹೊತ್ತಿನಲ್ಲೇ ಅದು ತಗ್ಗುತ್ತದೆ.

ಅದಕ್ಕೇ ಸರ್ಕಾರ ಇನ್ನೊಂದು ದಾರಿ ಹಿಡಿಯಿತು. ನೀವು ಪತ್ರಿಕೆಯಲ್ಲಿ ಓದುವ ಎಂಐಪಿ, ಅಂದರೆ ಕನಿಷ್ಠ ಆಮದು ಬೆಲೆ. ಅಡಿಕೆಗೆ ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351 ಮಾಡಿದರು. ಬಂದರಿಗೆ ಮುಟ್ಟುವಾಗ ಅದಕ್ಕಿಂತ ಕಡಿಮೆ ಬೆಲೆ ಇರುವ ಅಡಿಕೆಯನ್ನು ತರಲೇಬಾರದು. 351ರ ಮೇಲೆ ಶೇ. 100 ಸುಂಕ ಸೇರಿದರೆ 700 ದಾಟುತ್ತದೆ, ಆಮೇಲೆ ಇಲ್ಲಿ ಯಾರು ಕೊಳ್ಳುತ್ತಾರೆ? ಒಳ್ಳೆಮೆಣಸಿಗೂ 2017ರ ಡಿಸೆಂಬರಿನಲ್ಲಿ 500 ರೂಪಾಯಿ ಎಂದು ಗೊತ್ತುಮಾಡಿದರು. ಅಡಿಕೆಗೆ ಸಿಕ್ಕಿದ ದೊಡ್ಡ ಆಸರೆ ಇದು. ಇದಕ್ಕಾಗಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದವರೂ ಬೆಳೆಗಾರರ ಸಂಘಗಳವರೂ ದೆಹಲಿಗೆ ಎಷ್ಟೋ ಸಲ ಓಡಾಡಿದ್ದಾರೆ. ಆ ಓಡಾಟ ವ್ಯರ್ಥವಾಗಲಿಲ್ಲ.

ಈಗ ನಿಮ್ಮ ಸಭೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲದ ಒಂದು ಮಾತು ಹೇಳಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಲ್ಲಿ 4ನೇ ವಿಧಿ ಇದೆ. ಅದರ ಎರಡನೇ ಭಾಗಕ್ಕೆ ಒಂದು ಅಡಿಟಿಪ್ಪಣಿ ಇದೆ. ಆಮದನ್ನು ತಡೆಯುವ ಯಾವ ಯಾವ ಕ್ರಮಗಳನ್ನು ಬಿಟ್ಟು ಬರೇ ಸುಂಕಕ್ಕೆ ಬದಲಾಯಿಸಬೇಕು ಎಂಬ ಪಟ್ಟಿ ಅಲ್ಲಿದೆ. ಆ ಪಟ್ಟಿಯಲ್ಲಿ ಕನಿಷ್ಠ ಆಮದು ಬೆಲೆ ಎಂಬ ಮಾತು ಹೆಸರು ಹಿಡಿದು ಬರೆದಿದೆ. ಚಿಲಿ ದೇಶ ಹೆಚ್ಚುಕಡಿಮೆ ಇದೇ ಗುಣದ ವ್ಯವಸ್ಥೆ ಇಟ್ಟುಕೊಂಡಿತ್ತು. ಅರ್ಜೆಂಟೀನಾ ದೂರು ಕೊಟ್ಟಿತು, 2002ರಲ್ಲಿ ಚಿಲಿ ಸೋತಿತು. 2015ರಲ್ಲಿ ಪೆರು ಕೂಡ ಹೀಗೇ ಸೋತಿತು. ನಾಳೆ ನಮ್ಮ ಅಡಿಕೆಯ ಮೇಲೆ ದೂರು ಬಂದೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಭಾರತಕ್ಕೆ ವಾದಿಸಲು ದಾರಿಗಳಿವೆ. ಆದರೂ ನಮ್ಮ ಜಿಲ್ಲೆಯ ಬದುಕು ನಿಂತಿರುವ ಕಂಬ ಕಾನೂನಿನ ಕಣ್ಣಿಗೆ ಅಷ್ಟೇನೂ ಗಟ್ಟಿಯಲ್ಲ. ಅದನ್ನು ತಿಳಿದುಕೊಂಡೇ ಮುಂದಿನ ಮಾತು ಆಡಬೇಕು.

ಹಾಗಾದರೆ ಗಟ್ಟಿ ಕಂಬ ಯಾವುದು? ಅದನ್ನೇ ನಮ್ಮವರು ಜಿನೀವಾದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೇಳುತ್ತಿದ್ದಾರೆ. ಹೆಸರು ವಿಶೇಷ ರಕ್ಷಣಾ ವ್ಯವಸ್ಥೆ. ಇಂಗ್ಲಿಷಿನಲ್ಲಿ ಎಸ್‌ಎಸ್‌ಎಂ ಎನ್ನುತ್ತಾರೆ. ಆಮದು ಒಮ್ಮೆಲೇ ಏರಿದರೆ, ಇಲ್ಲವೇ ಹೊರಗಿನ ಬೆಲೆ ಒಮ್ಮೆಲೇ ಕುಸಿದರೆ, ಬಡ ದೇಶಗಳು ಬದ್ಧ ಸುಂಕವನ್ನೂ ಮೀರಿ ತಾತ್ಕಾಲಿಕವಾಗಿ ಹೆಚ್ಚಿನ ಸುಂಕ ಹಾಕಬಹುದು. ವರ್ಷಗಟ್ಟಲೆ ವಿಚಾರಣೆ ಬೇಡ, ದೊಡ್ಡ ಸಾಕ್ಷಿ ಬೇಡ, ಅಂಕಿ ನೋಡಿ ಹಾಕುವುದು. ಅಡಿಕೆಯಂಥ, ಸುಂಕದ ತುದಿ ಮುಟ್ಟಿದ ಬೆಳೆಗೆ ಹೇಳಿ ಮಾಡಿಸಿದ ಹಾಗಿದೆ.

ಬೇಸರದ ಸಂಗತಿ ಏನೆಂದರೆ, ಇಂಥದ್ದೇ ಒಂದು ಹಕ್ಕು 1995ರಿಂದಲೇ 39 ಸದಸ್ಯರ ಕೈಯಲ್ಲಿದೆ. ಅಮೆರಿಕ, ಯುರೋಪ್, ಜಪಾನ್ ಎಲ್ಲ ಅದರಲ್ಲಿವೆ. ಭಾರತ ಇಲ್ಲ. ಆಗ ಯಾರು ಹಳೆಯ ನಿರ್ಬಂಧಗಳನ್ನು ಲೆಕ್ಕ ಹಾಕಿ ಸುಂಕಕ್ಕೆ ಬದಲಾಯಿಸಿದರೋ ಅವರಿಗೆ ಮಾತ್ರ ಆ ಹಕ್ಕು ಸಿಕ್ಕಿತು. ನಾವು ವಿದೇಶಿ ವಿನಿಮಯದ ಕೊರತೆಯ ಕಾರಣ ಕೊಟ್ಟು ನಿರ್ಬಂಧಗಳನ್ನು ಹಾಗೇ ಇಟ್ಟುಕೊಂಡೆವು, ಸುಂಕಕ್ಕೆ ಒಂದು ಮೇಲ್ಮಿತಿಯನ್ನಷ್ಟೇ ಬರೆದುಕೊಟ್ಟೆವು. ಆಮೇಲೆ ಅಮೆರಿಕ ಆ ನಿರ್ಬಂಧಗಳ ಮೇಲೆಯೇ ದೂರು ಕೊಟ್ಟಿತು. 1999ರಲ್ಲಿ ನಾವು ಸೋತೆವು. 2001ರ ಏಪ್ರಿಲ್ 1ಕ್ಕೆ ಕೊನೆಯ 715 ಸರಕುಗಳ ಮೇಲಿನ ನಿರ್ಬಂಧ ಹೋಯಿತು. ನಿರ್ಬಂಧವೂ ಇಲ್ಲ, ವಿಶೇಷ ಹಕ್ಕೂ ಇಲ್ಲ ಎಂಬ ಸ್ಥಿತಿ ಬಂತು. ಆ ವರ್ಷಗಳಲ್ಲಿ ಅಡಿಕೆ ಧಾರಣೆ ಕುಸಿದು ಮನೆ ಮನೆಯಲ್ಲಿ ಸಾಲದ ಮಾತೇ ಇದ್ದದ್ದು ನಿಮಗೂ ನೆನಪಿರಬಹುದು. ಆ ಕುಸಿತಕ್ಕೆ ಕಾರಣ ಆಮದೊಂದೇ ಅಲ್ಲ, ತೋಟದ ವಿಸ್ತೀರ್ಣವೂ ಏರಿತ್ತು. ಆದರೆ ತಡೆಯಲು ಕೈಯಲ್ಲಿ ಆಯುಧ ಇರಲಿಲ್ಲ.

2008ರ ಜುಲೈಯಲ್ಲಿ ಎಸ್‌ಎಸ್‌ಎಂ ಸಿಕ್ಕಿಯೇ ಬಿಟ್ಟಿತು ಎನ್ನುವಷ್ಟು ಹತ್ತಿರ ಬಂದಿತ್ತು. ಜಿನೀವಾದಲ್ಲಿ 21ರಿಂದ 29ರವರೆಗೆ ಮಂತ್ರಿಗಳು ಕೂತರು. ಭಾರತದ ಕಡೆಯಿಂದ ಆಗಿನ ವಾಣಿಜ್ಯ ಮಂತ್ರಿ ಕಮಲ್ ನಾಥ್. ಆಗಿನ ಮಹಾನಿರ್ದೇಶಕ ಪಾಸ್ಕಲ್ ಲಾಮಿ ಹೇಳಿದ ಲೆಕ್ಕದ ಪ್ರಕಾರ 20 ವಿಷಯಗಳಲ್ಲಿ 18ರಲ್ಲಿ ಮಾತು ಹತ್ತಿರ ಬಂದಿತ್ತು. 19ನೆಯದು ಇದು. ಬದ್ಧ ಸುಂಕ ಮೀರಬೇಕಾದರೆ ಆಮದು ಶೇ. 40 ಏರಿರಬೇಕು ಎಂಬ ಪ್ರಸ್ತಾಪ ಮೇಜಿನ ಮೇಲಿತ್ತು. ಅಷ್ಟು ಹೊತ್ತು ಕಾದರೆ ಕೃಷಿಕ ಮುಳುಗಿ ಹೋಗುತ್ತಾನೆ, ಶೇ. 10 ಏರಿದಾಗಲೇ ಬಿಡಿ ಎಂದು ಭಾರತದ ಬಳಗ ಹೇಳಿತು. ಅಮೆರಿಕ ಒಪ್ಪಲಿಲ್ಲ. ಮಾತುಕತೆ ಮುರಿಯಿತು. ಆ ವಾರ ನಮ್ಮೂರಲ್ಲಿ ಆಟಿ ತಿಂಗಳ ಮಳೆ. ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡಲು ಮಳೆ ಯಾವಾಗ ಬಿಡುತ್ತದೆ ಎಂದು ಎಲ್ಲರೂ ಆಕಾಶ ನೋಡುತ್ತಿದ್ದರು. ಅಲ್ಲಿ ಮುರಿದದ್ದು ನಮ್ಮದೇ ವಿಷಯ ಎಂದು ಇಲ್ಲಿ ಹೆಚ್ಚು ಜನರಿಗೆ ತಿಳಿಯಲೇ ಇಲ್ಲ. ನನಗೆ ಇವತ್ತಿಗೂ ಅದು ನೋವಿನ ಸಂಗತಿ.

2015ರಲ್ಲಿ ನೈರೋಬಿಯಲ್ಲಿ ಆ ಹಕ್ಕಿನ ಬಗ್ಗೆ ಮಾತು ಮುಂದುವರಿಸೋಣ ಎಂದು ಬರೆದುಕೊಟ್ಟರು. ಮಾತು ಮುಂದುವರಿಯಿತು, ಅಷ್ಟೆ.

ಇಲ್ಲಿ ಇನ್ನೊಂದು ವಿಷಯ ನೋಡಿ. ಎಸ್‌ಎಸ್‌ಎಂ ಕೇಳುವ ಬಳಗಕ್ಕೆ ಜಿ-33 ಎಂದು ಹೆಸರು. ಅದರ ಮುಂದಾಳು ಇಂಡೊನೇಷ್ಯಾ. ಜಿನೀವಾದಲ್ಲಿ ನಮ್ಮ ಜೊತೆ ಕೂತು ಸಣ್ಣ ಕೃಷಿಕರ ಪರವಾಗಿ ವಾದಿಸುವ ಅದೇ ಇಂಡೊನೇಷ್ಯಾ ಅಡಿಕೆ ರಫ್ತಿನಲ್ಲಿ ದೊಡ್ಡ ದೇಶ. ಇನ್ನೊಂದು ಕಡೆ ಪರಾಗ್ವೆ, ಉರುಗ್ವೆಯಂಥ ದೇಶಗಳೂ ಅಭಿವೃದ್ಧಿಶೀಲ ದೇಶಗಳೇ. ಹೊರಗೆ ಮಾರಿಯೇ ಬದುಕುವ ಅವರಿಗೆ ಈ ಹಕ್ಕು ಕಂಡರೆ ಹೆದರಿಕೆ. ಬಡವರೆಲ್ಲ ಒಂದು ಕಡೆ, ಶ್ರೀಮಂತರೆಲ್ಲ ಇನ್ನೊಂದು ಕಡೆ ಎಂಬ ಚಿತ್ರ ಪೂರ್ತಿ ಸರಿಯಲ್ಲ. ಸರಕು ಬದಲಾದ ಹಾಗೆ ನೆಂಟಸ್ತಿಕೆ ಬದಲಾಗುತ್ತದೆ.

ನಮ್ಮಂಥವರ ಮಾತು ಅಲ್ಲಿ ನಡೆಯುತ್ತದಾ ಎಂದು ಕೇಳಿದ್ದೀರಿ. ಹಳೆಯ ನಿಯಮಗಳನ್ನು ಬರೆದ ರೀತಿ ನೋಡಿದರೆ ಇಲ್ಲ ಎನ್ನಬೇಕಾಗುತ್ತದೆ. ಈ ಸಂಸ್ಥೆ ಹುಟ್ಟಲು ದಾರಿ ಮಾಡಿದ, ಉರುಗ್ವೆ ಸುತ್ತು ಎಂಬ ಮಾತುಕತೆ 1986ರಲ್ಲಿ ಶುರುವಾಯಿತು. ಕೃಷಿಯ ಗಂಟು ಬಿಡಿಸಿದ್ದು 1992ರಲ್ಲಿ, ವಾಷಿಂಗ್ಟನ್ನಿನ ಬ್ಲೇರ್ ಹೌಸ್‌ನಲ್ಲಿ, ಅಮೆರಿಕ ಮತ್ತು ಯುರೋಪ್ ಇಬ್ಬರೇ ಕೂತು. ಉಳಿದವರಿಗೆ ಸಿಕ್ಕಿದ್ದು ಬರೆದು ಮುಗಿಸಿದ ಕಾಗದ. ಅಲ್ಲಿನ ಹಸಿರು ಕೋಣೆ ಎಂಬ ಪದ್ಧತಿಯೂ ಹಾಗೇ. ಆಯ್ದ ಕೆಲವರನ್ನು ಒಳಗೆ ಕೂರಿಸಿ ಮಾತು ಮುಗಿಸುವುದು, ಹೊರಗೆ ನಿಂತವರಿಗೆ ಆಮೇಲೆ ತಿಳಿಸುವುದು. ಕೆಲವು ಬಡ ದೇಶಗಳಿಗೆ ಜಿನೀವಾದಲ್ಲಿ ಕಚೇರಿಯೇ ಇಲ್ಲ. ಒಂದೇ ಹೊತ್ತಿಗೆ ಮೂರು ಸಭೆ ನಡೆದರೆ ಅವರು ಎಲ್ಲಿಗೆ ಹೋಗಬೇಕು?

ರೇಷನ್ ಅಕ್ಕಿಯ ಲೆಕ್ಕದಲ್ಲೂ ಇದೇ ಅನ್ಯಾಯ ಇದೆ. ಸರ್ಕಾರ ಬೆಂಬಲ ಬೆಲೆಗೆ ಭತ್ತ ಕೊಂಡರೆ ಆ ಸಹಾಯ ಬೆಳೆಯ ಮೌಲ್ಯದ ಶೇ. 10 ಮೀರಬಾರದು. ಸಹಾಯ ಎಷ್ಟು ಎಂದು ಅಳೆಯುವುದು 1986–88ರ ಬೆಲೆಗೆ ಹೋಲಿಸಿ! ಮೂವತ್ತೈದು ವರ್ಷಕ್ಕಿಂತಲೂ ಹಿಂದಿನ ಅಳತೆಗೋಲು. 2013ರಲ್ಲಿ ಬಾಲಿಯಲ್ಲಿ ಭಾರತ ಹಠ ಹಿಡಿದು ಶಾಂತಿ ಕಲಮು ಎಂಬ ರಕ್ಷಣೆ ಪಡೆಯಿತು. ಮಿತಿ ಮೀರಿದರೂ ಯಾರೂ ದೂರು ಕೊಡಬಾರದು ಎಂಬ ಒಪ್ಪಿಗೆ ಅದು. 2018–19ರ ಅಕ್ಕಿಯ ಲೆಕ್ಕದಲ್ಲಿ ಮಿತಿ ಮೀರಿತು, ಆ ಕಲಮು ಕೆಲಸಕ್ಕೆ ಬಂತು. ಶಾಶ್ವತ ಪರಿಹಾರ ಮಾತ್ರ ಇನ್ನೂ ಆಗಿಲ್ಲ. ಅಕ್ಕಿಗೆ ಹೊರಗಿನ ಜಿಲ್ಲೆಗಳನ್ನೇ ನಂಬಿದ ನಮ್ಮ ಕಾಸರಗೋಡಿಗೆ ಇದು ದೂರದ ವಿಷಯವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಹೊರಗೆ ಬನ್ನಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಮೇಜಿನಲ್ಲಿ ಮತ ಎಣಿಸುವ ರೂಢಿ ಇಲ್ಲ. ಎಲ್ಲರೂ ಒಪ್ಪಬೇಕು. 166 ಸದಸ್ಯರಲ್ಲಿ ಒಬ್ಬರು ಬೇಡ ಎಂದರೂ ನಿಲ್ಲುತ್ತದೆ. 2003ರಲ್ಲಿ ಮೆಕ್ಸಿಕೊದ ಕಾನ್ಕುನ್ ಸಭೆಗೆ ಅಮೆರಿಕ, ಯುರೋಪ್ ಮತ್ತೆ ಇಬ್ಬರೇ ಕೂತು ಕಾಗದ ತಂದಾಗ ಭಾರತ, ಬ್ರೆಜಿಲ್, ಚೀನಾ, ದಕ್ಷಿಣ ಆಫ್ರಿಕಾ ಒಟ್ಟಾಗಿ ತಡೆದವು. 2001ರಲ್ಲಿ ದೋಹಾದಲ್ಲಿ ಔಷಧಿಯ ಪೇಟೆಂಟಿಗಿಂತ ಜನರ ಆರೋಗ್ಯ ದೊಡ್ಡದು ಎಂಬ ಘೋಷಣೆಯನ್ನು ಬಡ ದೇಶಗಳು ಬರೆಯಿಸಿಕೊಂಡವು. ಪೇಟೆಂಟ್ ಮೀರಿ ಔಷಧಿ ಮಾಡಲು ಅನುಮತಿ ಕೊಡುವುದು ಪ್ರತಿ ದೇಶದ ಹಕ್ಕು ಎಂದು ಅದು ಸ್ಪಷ್ಟ ಮಾಡಿತು. 2012ರಲ್ಲಿ ಭಾರತ ಆ ಹಕ್ಕನ್ನು ಬಳಸಿತು. ಒಂದು ಕ್ಯಾನ್ಸರ್ ಔಷಧಿ ತಿಂಗಳಿಗೆ 2.8 ಲಕ್ಷ ರೂಪಾಯಿಯಿಂದ ಒಂಬತ್ತು ಸಾವಿರದೊಳಗೆ ಬಂತು. ಒಬ್ಬರೇ ಕೂತಿದ್ದರೆ ಇದು ಆಗುತ್ತಿತ್ತಾ?

ಹೊರಗೆ ಬಂದರೆ ಏನಾಗುತ್ತದೆ ಎಂದು ಊಹಿಸುವುದೂ ಕಷ್ಟವಿಲ್ಲ. 2025ರಲ್ಲಿ ಅಮೆರಿಕ ಒಂದೊಂದು ದೇಶಕ್ಕೆ ಒಂದೊಂದು ಸುಂಕ ಹಾಕಿದ್ದನ್ನು ನೋಡಿದಿರಿ. ಎಲ್ಲ ಸದಸ್ಯರಿಗೂ ಒಂದೇ ಸುಂಕ ಎಂಬ ಮೂಲ ನಿಯಮವನ್ನು ಬಲ ಇದ್ದವರು ಬಿಟ್ಟರೆ ಹೀಗಾಗುತ್ತದೆ. ಮೇಲ್ಮನವಿ ಕೇಳುವ ಪೀಠಕ್ಕೆ ಹೊಸ ಸದಸ್ಯರನ್ನು ನೇಮಿಸಲು ಅಮೆರಿಕ ಬಿಡದ ಕಾರಣ 2019ರ ಡಿಸೆಂಬರಿನಿಂದ ಆ ಪೀಠ ನಿಂತೇ ಹೋಗಿದೆ. ಸಂಸ್ಥೆ ಈಗ ದುರ್ಬಲ, ಒಪ್ಪುತ್ತೇನೆ. ಅದನ್ನು ದುರ್ಬಲ ಮಾಡಿದವರು ದೊಡ್ಡವರು. ಅದು ಹೆಚ್ಚು ಬೇಕಾಗಿರುವುದು ನಮ್ಮಂಥವರಿಗೆ.

ಇನ್ನು ನಿಮ್ಮ ಸಭೆಯಲ್ಲಿ ಬೈಗುಳ ತಪ್ಪು ವಿಳಾಸಕ್ಕೆ ಹೋಗಿದೆ ಎಂದು ನನಗೆ ಅನ್ನಿಸುವುದು ಏಕೆಂದು ಹೇಳುತ್ತೇನೆ. ಒಳ್ಳೆಮೆಣಸನ್ನೇ ತೆಗೆದುಕೊಳ್ಳಿ. 2015–16ರ ಹೊತ್ತಿಗೆ ಕಿಲೋಗೆ ಏಳುನೂರರ ಹತ್ತಿರ ಇತ್ತು. ಮೂರು ವರ್ಷದಲ್ಲಿ ಅದರ ಅರ್ಧಕ್ಕೆ ಬಂತು. ವಿಯೆಟ್ನಾಮಿನ ಮೆಣಸು ಜಗತ್ತನ್ನೇ ತುಂಬಿತ್ತು. ಆದರೆ ಶೇ. 70 ಸುಂಕ ಇದ್ದೂ ಅದು ಇಲ್ಲಿಗೆ ಹೇಗೆ ಬಂತು? ಒಂದು ಬಾಗಿಲು ಶ್ರೀಲಂಕಾ. ಅವರ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದರ ಮೇಲಿನದ್ದಕ್ಕೆ ದಕ್ಷಿಣ ಏಷ್ಯಾದ ದೇಶಗಳ ಸಾಫ್ಟಾ ಒಪ್ಪಂದದಡಿ ಶೇ. 8 ಮಾತ್ರ. ಶ್ರೀಲಂಕಾದ ಬೆಳೆಗಾರರೂ ನಮ್ಮ ಹಾಗೆ ಸಣ್ಣವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ದೇಶದ ಮೆಣಸು ಮತ್ತು ಅಡಿಕೆಗೆ ಅಲ್ಲಿಯದೇ ಬೆಳೆ ಎಂಬ ಚೀಟಿ ಅಂಟಿಸಿ ತಂದದ್ದು ಅನ್ಯಾಯ. ಇದನ್ನು ಹಿಡಿಯಲು ಕಸ್ಟಮ್ಸ್ ನಿಯಮಗಳು ಬಿಗಿಯಾದದ್ದು 2020ರ ಸೆಪ್ಟೆಂಬರಿನಲ್ಲಿ. ಅಡಿಕೆಯಲ್ಲಿ ಇನ್ನೊಂದು ಉಪಾಯ ನಡೆಯಿತು. ಹುರಿದ ಅಡಿಕೆ ಎಂದು ಬರೆದರೆ ಸರಕಿನ ಶೀರ್ಷಿಕೆ ಬೇರೆ, ಸುಂಕ ಕಡಿಮೆ. 2025ರಲ್ಲಿ ಅದಕ್ಕೂ ಕನಿಷ್ಠ ಬೆಲೆ ಹಾಕಿದರು. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಬಹುದು ಎಂದು 2022ರಲ್ಲಿ ಆದೇಶ ಬಂತು. ಇವು ಯಾವುದೂ ವಿಶ್ವ ವ್ಯಾಪಾರ ಸಂಸ್ಥೆ ಹೇಳಿ ಮಾಡಿಸಿದ್ದಲ್ಲ. ಇಬ್ಬರು ಮೂವರು ಕೂತು ಮಾಡಿಕೊಂಡ ಒಪ್ಪಂದಗಳು, ಇಲ್ಲವೇ ದೆಹಲಿಯ ತೀರ್ಮಾನಗಳು.

ಆಗ್ನೇಯ ಏಷ್ಯಾದ ದೇಶಗಳ ಬಳಗವಾದ ಆಸಿಯಾನ್ ಜೊತೆಗಿನ ಒಪ್ಪಂದದ ಹೊತ್ತಿಗೆ ಕೇರಳ ಎದ್ದು ನಿಂತದ್ದು ನಿಮಗೆ ನೆನಪಿದೆ. 2009ರ ಅಕ್ಟೋಬರ್ 2ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ. ಆ ಗದ್ದಲ ಬರೇ ಗದ್ದಲವಾಗಿರಲಿಲ್ಲ. ರಬ್ಬರನ್ನು ಆ ಒಪ್ಪಂದದ ಹೊರಗೆ ಇಟ್ಟಿದ್ದಾರೆ. ಒಳ್ಳೆಮೆಣಸಿನ ಸುಂಕ ಶೇ. 50ಕ್ಕೆ ಇಳಿದು ನಿಂತಿದೆ. ರಬ್ಬರಿಗೆ ಕೋಟ್ಟಯಂ ಕಡೆಯಲ್ಲಿ ದೊಡ್ಡ ಬಾಯಿ ಇದೆ. ಅಡಿಕೆ ಎಂದರೆ ಕರ್ನಾಟಕದ ಬೆಳೆ ಎಂದು ತಿರುವನಂತಪುರ ಅಂದುಕೊಳ್ಳುತ್ತದೆ. ಕಾಸರಗೋಡು ಕೇರಳದ್ದು ಎಂದು ಬೆಂಗಳೂರು ಅಂದುಕೊಳ್ಳುತ್ತದೆ. ನಡುವೆ ಎಣ್ಮಕಜೆ, ಪುತ್ತಿಗೆ, ಕುಂಬ್ಡಾಜೆಯ ಕೃಷಿಕ ಯಾರ ಪಟ್ಟಿಯಲ್ಲೂ ಇಲ್ಲ. ಸಂವಿಧಾನದಲ್ಲೂ ಇದೇ ಸಂದು. ಕೇಂದ್ರ ಪಟ್ಟಿಯ 14ನೇ ನಮೂದು ಹೊರದೇಶಗಳ ಜೊತೆಗಿನ ಒಪ್ಪಂದ, ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಸಹಿ ಹಾಕುವವರು ಒಬ್ಬರು, ಬೆಳೆ ನೋಡಿಕೊಳ್ಳಬೇಕಾದವರು ಇನ್ನೊಬ್ಬರು.

ನಮ್ಮ ಮಾತು ಅಷ್ಟು ದೂರ ಮುಟ್ಟುತ್ತದೆ ಎಂಬ ನಂಬಿಕೆಯೇ ಇಲ್ಲದವರಿಗೆ ನಾನು ಎಂಡೋಸಲ್ಫಾನ್ ಕೀಟನಾಶಕದ ಕಥೆ ನೆನಪಿಸುತ್ತೇನೆ. 2011ರ ಏಪ್ರಿಲ್ ಕೊನೆಯಲ್ಲಿ, ಇದೇ ಜಿನೀವಾದಲ್ಲಿ, ಬೇರೊಂದು ಮೇಜಿನಲ್ಲಿ, ವಿಷ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಆ ವಿಷವನ್ನು ಜಗತ್ತಿನಿಂದಲೇ ತೆಗೆಯಬೇಕು ಎಂದು ಒಪ್ಪಿದವು. ಅಲ್ಲೂ ಒಮ್ಮತದ ಕ್ರಮ. ಭಾರತ ಸರ್ಕಾರ ವರ್ಷಗಟ್ಟಲೆ ವಿರೋಧಿಸಿ, ಕೊನೆಗೆ ಕೆಲವು ವಿನಾಯಿತಿ ಪಡೆದು ಒಪ್ಪಿತು. ಆ ಮೇಜಿಗೆ ತಲುಪಿದ ಸಾಕ್ಷಿಯಲ್ಲಿ ದೊಡ್ಡ ಪಾಲು ಗೇರು ತೋಟಗಳ ಪಕ್ಕದ ನಮ್ಮ ಹಳ್ಳಿಗಳದ್ದು. ಊರಿನ ವೈದ್ಯರು, ತಾಯಂದಿರು, ಬರೆಯುವವರು ಒಬ್ಬೊಬ್ಬ ಮಗುವಿನ ವಿವರ ಬರೆದಿಟ್ಟಿದ್ದರು. ದಾಖಲೆ ಇತ್ತು, ಅದಕ್ಕೇ ಮಾತು ನಡೆಯಿತು.

ಅಡಿಕೆಗೂ ದಾಖಲೆ ಬೇಕು. ಎಸ್‌ಎಸ್‌ಎಂ ಸಿಗುವವರೆಗೆ ನಮ್ಮ ಕೈಯಲ್ಲಿರುವುದು ಹಳೆಯ ರಕ್ಷಣಾ ಸುಂಕದ ನಿಯಮ. ಅದರಲ್ಲೂ ಬದ್ಧ ಸುಂಕ ಮೀರಬಹುದು. ಆದರೆ ಆಮದಿನಿಂದ ಬೆಳೆಗಾರರಿಗೆ ಗಂಭೀರ ಹಾನಿಯಾಗಿದೆ ಎಂದು ದೆಹಲಿಯ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯದ ಮುಂದೆ ಅಂಕಿ ಸಮೇತ ತೋರಿಸಬೇಕು. ಎಷ್ಟು ಬೆಳೆದೆವು, ಎಷ್ಟಕ್ಕೆ ಮಾರಿದೆವು, ಖರ್ಚು ಎಷ್ಟು, ಯಾವ ತಿಂಗಳು ಧಾರಣೆ ಬಿತ್ತು. ಇದನ್ನು ಒಬ್ಬ ಕೃಷಿಕ ಮಾಡಲಾರ, ಸಂಘ ಮಾಡಬಹುದು.

ನಿಮ್ಮ ಸಂಘದಿಂದ ಸಂಸದರಿಗೆ ಪತ್ರ ಬರೆಯುವುದಾದರೆ ಡಬ್ಲ್ಯುಟಿಒ ಬಿಡಿ ಎಂದು ಬರೆಯಬೇಡಿ. ಈಗ ಮಾತುಕತೆಯಲ್ಲಿರುವ ಪ್ರತಿ ದ್ವಿಪಕ್ಷೀಯ ಒಪ್ಪಂದದಲ್ಲಿ ಅಡಿಕೆ ಮತ್ತು ಒಳ್ಳೆಮೆಣಸು ಹೊರಗಿಡುವ ಪಟ್ಟಿಯಲ್ಲಿ ಇವೆಯಾ ಎಂದು ಕೇಳಿ. ಎಸ್‌ಎಸ್‌ಎಂ ಬೇಡಿಕೆಯನ್ನು ಬೇರೆ ಯಾವುದಕ್ಕೋ ಬದಲಾಗಿ ಬಿಟ್ಟುಕೊಡುವುದಿಲ್ಲ ತಾನೇ ಎಂದು ಕೇಳಿ. ಮೂಲ ಪ್ರಮಾಣಪತ್ರ ತಪ್ಪಿದ್ದು ಎಂದು ವಾಪಸಾದ ಅಡಿಕೆ ಎಷ್ಟು ಟನ್ ಎಂಬ ಲೆಕ್ಕವನ್ನು ಸಂಸತ್ತಿನಲ್ಲಿ ಪ್ರಶ್ನೆ ಹಾಕಿ ತೆಗೆಸಿ. ಅದೇ ಪತ್ರದ ಪ್ರತಿಯನ್ನು ದಕ್ಷಿಣ ಕನ್ನಡದ ಸಂಸದರಿಗೂ ಕಳಿಸಿ. ಬೆಳೆಗೆ ಗಡಿ ಇಲ್ಲ.

ಅಡಿಕೆ ಮಾರಿದ ಹಳೆಯ ಬಿಲ್ಲುಗಳನ್ನು ದಯವಿಟ್ಟು ಬಿಸಾಡಬೇಡಿ. ಹೊಸತು, ಹಳತು, ಪಟೋರ ಎಂದು ಬೇರೆ ಬೇರೆ ಬರೆದಿರುತ್ತದೆ, ತಾರೀಕು ಇರುತ್ತದೆ. ನಿಮ್ಮ ಸಂಘದ ಐವತ್ತು ಮನೆಗಳ ಬಿಲ್ಲು ಒಟ್ಟು ಸೇರಿಸಿದರೆ ಇಪ್ಪತ್ತು ವರ್ಷದ ಧಾರಣೆಯ ಕಥೆ ಸಿಗುತ್ತದೆ. ನಮ್ಮ ತಂದೆಯವರು ಕಟ್ಟಿಟ್ಟ ಕಟ್ಟು ಅಟ್ಟದಲ್ಲಿದೆ. ಮುಂದಿನ ಸಭೆ ಯಾವಾಗ ಎಂದು ತಿಳಿಸಿ, ಅದನ್ನೂ ತೆಗೆದುಕೊಂಡು ಬರುತ್ತೇನೆ.